ಕಿಟಕಿಯೆತ್ತರದ ಮಂಚ

ನನ್ನ ಬಾಯಿಂದ ಒಂದು ಒಳ್ಳೆಯ ಮಾತು ಹೊರಡಬೇಕಾದರೆ ಉಳಿ ಹಾಕಿ ಮೀಟಬೇಕು ಎಂದು ನನ್ನ ಹೆಂಡತಿಯೇ ಹೇಳುತ್ತಾಳೆ. ಹೊಗಳಿದರೆ ಕಲಿಯುವವನ ಕೈ ಕೆಡುತ್ತದೆ ಎಂದು ನನಗೆ ಕಲಿಸಿದವರು ಹೇಳಿದ್ದರು. ಮೂವತ್ತು ವರ್ಷ ಮರಗೆಲಸ ಕಲಿಸಿದ್ದೇನೆ, ಒಬ್ಬನಿಗೂ ಭೇಷ್ ಅಂದವನಲ್ಲ.

ಹೋದ ವರ್ಷ ಕಂಡಕ್ಟರ್ ನನ್ನ ಅಂಗಡಿಗೆ ಬಂದಾಗ ಅವರಿಗೆ ಅರವತ್ತೊಂದು. ಬಸ್ಸಿನ ಕೆಲಸ ಮುಗಿದಿತ್ತು. ಅವರ ಮನೆಯಾಕೆ ಹಾಸಿಗೆ ಹಿಡಿದಿದ್ದರು. ಮಲಗಿದಲ್ಲಿಂದಲೇ ಬೀದಿ ಕಾಣಬೇಕೆಂದು ಆಕೆಗೆ ಆಸೆ. ಕಿಟಕಿ ಎತ್ತರ, ಇದ್ದ ಮಂಚ ತಗ್ಗು.

"ಎಂಟು ದಿನದಲ್ಲಿ ಎತ್ತರದ್ದು ಮಾಡಿಕೊಡ್ತೀನಿ" ಅಂದೆ.

"ಬೇಡ ಮೇಸ್ತ್ರಿ, ನನಗೆ ಕಲಿಸಿ. ಟಿಕೆಟ್ ಹರಿಯೋದು ಬಿಟ್ರೆ ಈ ಕೈ ಏನೂ ಮಾಡಿಲ್ಲ. ಅವಳೂ ಕಾಯ್ತೀನಿ ಅಂದಿದ್ದಾಳೆ."

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ, ಕಂಡಕ್ಟ್ರೇ?"

"ಮೂವತ್ತೈದು ವರ್ಷ ಜನರ ಮಧ್ಯೆ ಬಗ್ಗಿ ಬಗ್ಗಿನೇ ದುಡಿದೋನು ನಾನು" ಅಂದರು. ಒಂದು ಉಳಿ ತೆಗೆದು ಅವರ ಕೈಗೆ ಕೊಟ್ಟೆ.

ಮಂಚವೆಂದರೆ ಎಂಟು ಜೋಡಣೆ. ಕಾಲಿನಲ್ಲಿ ಚೌಕದ ತೂತು, ಕಾಲಿಂದ ಕಾಲಿಗೆ ಹೋಗುವ ಪಟ್ಟಿಯ ತುದಿಯಲ್ಲಿ ಅದಕ್ಕೆ ಹೊಂದುವ ನಾಲಿಗೆ. ಹೇಳುವುದಕ್ಕೆ ಇಷ್ಟೇ. ಅವರ ಮೊದಲ ನಾಲಿಗೆ ತೂತಿನೊಳಗೆ ಲೊಡಲೊಡ ಅಲ್ಲಾಡಿತು. "ಈ ಸಂದಿನಲ್ಲಿ ನಿಮ್ಮ ಬಸ್ಸು ತಿರುಗಿಸಬಹುದು" ಅಂದೆ. ನಕ್ಕು ಮತ್ತೆ ಉಳಿ ಹಿಡಿದರು. ಎರಡನೆಯದು ಎಷ್ಟು ಬಿಗಿಯೆಂದರೆ ಕಾಲೇ ಸೀಳಿಹೋಯಿತು. ಸಂಜೆ ಅಂದಿನ ತುಂಡು ಹಿಡಿದುಕೊಂಡು ನನ್ನ ಮುಂದೆ ಒಂದು ಗಳಿಗೆ ನಿಲ್ಲುವರು. ನಾನು "ನಾಳೆ ಬನ್ನಿ" ಅನ್ನುತ್ತಿದ್ದೆ. ಮೂರನೇ ತಿಂಗಳಿಗೆ ಅವರ ಕೈ ಕೂತಿತು. ನನಗದು ಗೊತ್ತಾಯಿತು, ಹೇಳಲಿಲ್ಲ.

ಎಂಟೂ ಕೊಯ್ದಾದ ಮೇಲೆ ಒಂದು ದಿನ ಮೆಲ್ಲಗೆ ಕೇಳಿದರು. "ಮೇಸ್ತ್ರಿ, ಅಂಟು ಬೇಡ. ಬೆಣೆ ಹೊಡೆಯೋಣ. ಬೇಕಾದಾಗ ಬಿಚ್ಚೋ ಹಾಗಿರಲಿ."

ಇವರಿಗೆ ತಮ್ಮ ಕೆಲಸದ ಮೇಲೇ ನಂಬಿಕೆಯಿಲ್ಲ ಎಂದುಕೊಂಡು ರೇಗಿದೆ. "ಬಿಚ್ಚೋಕೆ ಅಂತ ಯಾರಾದ್ರೂ ಕಟ್ತಾರೇನ್ರೀ? ನನ್ನ ಹತ್ರ ಕಲಿತೋರ ಮಂಚ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಬಾರದು."

ಏನೋ ಹೇಳಹೊರಟವರು ಅಂಟಿನ ಡಬ್ಬಿ ಹುಡುಕತೊಡಗಿದರು.

ಅವರ ಕೋಣೆಯ ಹೊರಗಿನ ಓಣಿ ಕಿರಿದು, ಬಾಗಿಲ ಮುಂದೆಯೇ ತಿರುವು. ಕಟ್ಟಿದ ಮಂಚ ಒಳಗೆ ಬರುವ ಹಾಗಿರಲಿಲ್ಲ. ಬಿಡಿ ಕಾಲು, ಬಿಡಿ ಪಟ್ಟಿ ಹೊತ್ತುಕೊಂಡು ಹೋಗಿ ಕೋಣೆಯಲ್ಲೇ ಕೂಡಿಸಿದೆವು. ಮನೆಯಾಕೆ ಶಾಲು ಹೊದ್ದು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಅಂಟು ಬಳಿದು ಕೊಡತಿಯಿಂದ ಬಡಿದಂತೆ ಎಂಟೂ ಒಳಗೆ ಹೋಗಿ ಕೂತವು.

"ಮೇಸ್ತ್ರಿಗಳೇ, ನಿಜ ಹೇಳಿ" ಎಂದರು ಆಕೆ. "ಇವರು ಚೆನ್ನಾಗಿ ಮಾಡ್ತಾರಾ?"

ಅಂಟು ಒರೆಸುತ್ತಿದ್ದ ಕಂಡಕ್ಟರ್ ಕೈ ನಿಂತಿತು.

"ಹಾಡ್ತಾ ಹಾಡ್ತಾ ರಾಗ, ಅಕ್ಕಾ" ಅಂದುಬಿಟ್ಟೆ. ಗಾದೆಯ ಉಳಿದರ್ಧ ಆಮೇಲೆ ನೆನಪಾಯಿತು.

ಆಕೆಯೇ ನಕ್ಕರು. "ನರಳ್ತಾ ನರಳ್ತಾ ರೋಗ. ಅದನ್ನ ನಾನು ಕಲೀತಿದ್ದೀನಿ ಬಿಡಿ."

ನಾಚಿಕೆಯಾಗಿ ಸಾಮಾನು ಕಟ್ಟಿಕೊಂಡು ಹೊರಟೆ. ಆಗಲಾದರೂ ಬಾಯಿ ಬಿಡಬಹುದಿತ್ತು.

ನಾಲ್ಕು ತಿಂಗಳು ಆಕೆ ಬೀದಿ ನೋಡಿದರು. ಎದುರಿನ ಸೈಕಲ್ ಅಂಗಡಿಯವನು ಕೆಲಸದ ನಡುವೆ ಎಷ್ಟು ಸಲ ತೂಕಡಿಸುತ್ತಾನೆಂದು ಗಂಡನಿಗೆ ವರದಿ ಕೊಡುತ್ತಿದ್ದರಂತೆ. ಆಮೇಲೆ ತೀರಿಕೊಂಡರು.

ಇಪ್ಪತ್ತು ದಿನ ಕಳೆದು ಕಂಡಕ್ಟರ್ ಅಂಗಡಿಗೆ ಬಂದರು. "ಮೇಸ್ತ್ರಿ, ಮಂಚ ತೆಗೀಬೇಕು. ಒಳಗೆ ಹೋದ್ರೆ ಅದೇ ಎದುರಿಗೆ ನಿಲ್ಲುತ್ತೆ. ನನ್ನ ಕೈಲಿ ನೋಡಕ್ಕಾಗ್ತಿಲ್ಲ."

ಬೆಣೆ ಯಾಕೆ ಕೇಳಿದ್ದರೆಂದು ಆಗ ತಿಳಿಯಿತು. "ಆವತ್ತೇ ಹೇಳಬಾರದಿತ್ತಾ?"

"ಬಾಯಿ ಬಿಟ್ಟು ಹೇಗೆ ಹೇಳ್ಲಿ?" ಅಂದರು.

ಅವರ ಕೋಣೆಗೆ ಹೋಗಿ ಮೊದಲು ಮಂಚವನ್ನು ಕೊಡತಿಯಿಂದ ಬಡಿದು ನೋಡಿದೆ. ಜಪ್ಪಯ್ಯ ಅಂದರೂ ಒಂದು ಜೋಡಣೆಯೂ ಜಗ್ಗಲಿಲ್ಲ. ಗರಗಸ ತೆಗೆದೆ. ಮಂಚದ ಕಾಲಿಗೆ ಒತ್ತಿಕೊಂಡೇ ಪಟ್ಟಿಯನ್ನು ಕೊಯ್ದೆ. ಪಟ್ಟಿ ಬಿಟ್ಟುಕೊಂಡಾಗ ಕಾಲಿನಲ್ಲಿ ತೂತಿನ ಬಾಯಿ ಕಂಡಿತು, ಅದರ ತುಂಬ ತುಂಡಾದ ನಾಲಿಗೆ. ಸುತ್ತಲೂ ಉಗುರು ಆಡಿಸಿದೆ. ಎಲ್ಲೂ ಸಂದು ಸಿಗಲಿಲ್ಲ.

"ಚೆನ್ನಾಗಿದೆ ಕಂಡಕ್ಟ್ರೇ" ಅಂದೆ. "ನಾನು ಮಾಡಿದ್ರೂ ಇಷ್ಟೇ."

ಅವರು ನೆಲದ ಮೇಲಿನ ಮರದ ಪುಡಿಯನ್ನು ಕೈಯಿಂದ ಒಂದು ಕಡೆ ಗುಡ್ಡೆ ಮಾಡಿದರು. "ಮೇಸ್ತ್ರಿ ಏನಂದ್ರು ಅಂತ ಅವಳು ದಿನಾ ಕೇಳೋಳು. ಚೆನ್ನಾಗಿದೆ ಅಂದ್ರು ಅಂತ ನಾನು ದಿನಾ ಸುಳ್ಳು ಹೇಳ್ತಿದ್ದೆ. ನಂಬಲಿಲ್ಲ ಅವಳು. ಅದಕ್ಕೇ ಆವತ್ತು ನಿಮ್ಮನ್ನೇ ಕೇಳಿದ್ದು."

ನನ್ನ ಕಣ್ಣು ಮಂಜಾಯಿತು. ಅವರೇ ಕೈ ಚಾಚಿ ಗರಗಸ ಇಸಿದುಕೊಂಡರು.

ಮಿಕ್ಕ ಏಳನ್ನೂ ಅವರೇ ಕೊಯ್ದರು. ನಾನು ಪಟ್ಟಿ ಹಿಡಿದುಕೊಂಡು ನಿಂತೆ. ಒಂದೊಂದು ತುದಿ ಬಿಟ್ಟುಕೊಂಡಾಗಲೂ ಬಗ್ಗಿ, ಉಗುರು ಆಡಿಸಿ ನೋಡಿ, ಆಕೆ ಬೀದಿ ನೋಡುತ್ತಿದ್ದ ಕಿಟಕಿಯ ಕಡೆಗೆ ಕೇಳುವ ಹಾಗೆ "ಚೆನ್ನಾಗಿದೆ" ಅಂದೆ. ಏಳು ಸಲ ಅಂದೆ.