ಸಸ್ಯಾಹಾರಿ ರಕ್ತ

ಅವ್ವ ಶಾರದಾಬಾಯಿ ಎರಡು ಸಲ ಎದೆ ಹಿಡಿದುಕೊಂಡು ಕೂತಳು. ರಕ್ತ ಪರೀಕ್ಷೆ ನೋಡಿದ ಡಾಕ್ಟರು, ಕೊಲೆಸ್ಟ್ರಾಲ್ ವಿಪರೀತವಿದೆ, ಗುಳಿಗೆ ತಪ್ಪಿಸಿದರೆ ಜೀವಕ್ಕೇ ಕುತ್ತು ಎಂದರು. ಕುತ್ತಿನ ಮಾತು ಅಪ್ಪನ ಕಿವಿಗೆ ಬೀಳಲೇ ಇಲ್ಲ. ಆಳಂದದಲ್ಲಿ ನಾಗಣ್ಣನವರೆಂದು ಹೆಸರಾದ ಅಪ್ಪನಿಗೆ ಹೋದದ್ದು ಮಾನ.

"ಕೊಲೆಸ್ಟ್ರಾಲ್ ಪ್ರಾಣಿ ಮೈಯಾಗಿಂದು. ಏಳು ತಲಿಯಿಂದ ಲಿಂಗ ಕಟ್ಟಿದ ಮನಿ ನಮ್ದು, ತತ್ತಿ ಸುದ್ದಾ ಹೊಸ್ತಿಲ ದಾಟಿಲ್ಲ. ಮಂದಿ ಏನಂದಾರು?"

ತಪ್ಪು ನನ್ನದೇ. ಜೇವರ್ಗಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನಾನು ಒಮ್ಮೆ ಅವರಿಗೆ, ಕೋಶದ ಪೊರೆ ಹದವಾಗಿರಲು ಪ್ರಾಣಿಗಳಲ್ಲಿ ಕೊಲೆಸ್ಟ್ರಾಲ್, ಗಿಡಗಳಲ್ಲಿ ಅದರದೇ ಜಾತಿಯ ಬೇರೆ ಸ್ಟೆರಾಲ್ ಇರುತ್ತದೆ ಎಂದು ಹೇಳಿದ್ದೆ. ಅಷ್ಟೇ ಕೇಳಿ ಎದ್ದುಹೋದ ಮಹಾನುಭಾವರು, ಶರಣರ ಮೈಯ ಕಣಕಣವೂ ಗಿಡದ ಸ್ಟೆರಾಲೇ ಎಂದು ಗುಡಿಕಟ್ಟೆಯ ಮೇಲೆ ಉಪನ್ಯಾಸ ಕೊಡತೊಡಗಿದರು.

"ಅಪ್ಪಾ, ಕೊಲೆಸ್ಟ್ರಾಲ್ ನಿಮ್ಮ ಲಿವರೇ ಮಾಡ್ತದ," ಎಂದೆ. "ಅದಿಲ್ದ ಪೊರಿ ನಿಲ್ಲಂಗಿಲ್ಲ. ಗಿಡದ ಸ್ಟೆರಾಲಿನ ಅಣುವಿಗಿ ಬಾಲದಾಗ ಒಂದು ಟೊಂಗಿ ಹೆಚ್ಚು, ನಮ್ಮ ಪೊರ್ಯಾಗ ಅಷ್ಟು ನೆಟ್ಟಗ ಕೂಡಂಗಿಲ್ಲ. ಕರುಳು ಕೊಲೆಸ್ಟ್ರಾಲ್ ಹೀರೂದನ್ನ ಅದು ಸ್ವಲ್ಪ ಕಮ್ಮಿ ಮಾಡ್ತದ, ಖರೆ. ಆದ್ರ ಕರುಳಿನ ಕೋಶ ಗಿಡದ ಸ್ಟೆರಾಲನ್ನ ಬಹಳಷ್ಟು ಹೊರಗ ದಬ್ತಾವ."

"ಲಿಂಗವಂತರ ಕರುಳು ಹಂಗ ಮಾಡಂಗಿಲ್ಲ."

ಇಂಥವರಿಗೆ ಏನು ಹೇಳುವುದು? ಮರುದಿನ ಅಪ್ಪ ರಕ್ತ ಪರೀಕ್ಷೆಯ ಲ್ಯಾಬ್ ನಡೆಸುವ ಮುಜೀಬನ ಮುಂದೆ ಹೋಗಿ ಕೂತರು. ನಾನೂ ಜೊತೆಗಿದ್ದೆ, ನಾಚಿಕೆಯಿಂದ ನೆಲ ನೋಡುತ್ತಾ.

"ರಿಪೋರ್ಟ್ ಅದಲಾಬದಲಾ ಆಗ್ಯದ. ಇದು ನಿಮ್ಮ ಮನಿ ಮಂದೀದು."

ಮುಜೀಬ ನಕ್ಕ. "ನಮ್ಮ ಅಮ್ಮೀದು ಬರೋಬ್ಬರಿ ಅದರಿ. ನಿಮ್ದೂ ನೋಡೂಣ, ತೋಳು ಚಾಚ್ರಿ."

ಅಪ್ಪನದು ಅವ್ವನಿಗಿಂತ ಹೆಚ್ಚು ಬಂತು. ಮಷೀನು ಹಳೆಯದೆಂದು ದಾರಿಯುದ್ದಕ್ಕೂ ಗೊಣಗಿದರು.

ನಾನು ಜೇವರ್ಗಿಗೆ ಮರಳಿದ ಮೇಲೆ ಅವ್ವನ ಗುಳಿಗೆ ನಿಂತವು. ಅವನ್ನು ಅಪ್ಪ ತಮ್ಮ ಹತ್ತಿರ ಇಟ್ಟುಕೊಂಡು, ದಿನಾ ಮುಂಜಾನೆ ಅವಳಿಗೆ ಕುಸುಬಿ ಕಾಳು ರುಬ್ಬಿ ಹಿಂಡಿದ ಹಾಲು ಒಂದು ತಂಬಿಗೆ ಕುಡಿಸುತ್ತಿದ್ದರಂತೆ. ಗಿಡದ ಸ್ಟೆರಾಲ್ ಒಳಗೆ ಹೋಗಿ ಪೊರೆ ಶುದ್ಧವಾಗಬೇಕಲ್ಲ! ಭಾನುವಾರ ಬಂದು ನೋಡಿದರೆ ಅವ್ವ ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು.

ಗುಳಿಗೆ ಹುಡುಕುತ್ತಾ ಅಪ್ಪನ ಅಂಗಿಯ ಕಿಸೆಗೆ ಕೈ ಹಾಕಿದೆ. ಗುಳಿಗೆಯ ಪಟ್ಟಿ ಸಿಕ್ಕಿತು, ಅರ್ಧ ಖಾಲಿ. ನಾನು ಹೋಗುವಾಗ ತುಂಬಿದ್ದ ಪಟ್ಟಿ, ಅವ್ವ ನುಂಗದೆ ಖಾಲಿಯಾಗುವುದು ಹೇಗೆ? ಪಡಸಾಲೆಯಲ್ಲಿ ನಾಲ್ಕು ಜನ ಹಿರಿಯರ ನಡುವೆ ಕೂತು ಪೊರೆಯ ಪಾವಿತ್ರ್ಯ ವಿವರಿಸುತ್ತಿದ್ದ ಅಪ್ಪನ ಮುಂದೆ ಅದನ್ನು ಹಿಡಿದೆ.

"ಇವನ್ನ ಯಾರು ನುಂಗ್ಯಾರ, ಅಪ್ಪಾ?"

ಅಪ್ಪ ಹಿರಿಯರ ಮುಖ ನೋಡಿದರು, ನನ್ನ ಮುಖ ನೋಡಲಿಲ್ಲ. ಅಡುಗೆಮನೆಯಿಂದ ಅವ್ವ ಕುಸುಬಿ ಹಾಲಿನ ತಂಬಿಗೆ ಹಿಡಿದು ನಿಧಾನಕ್ಕೆ ಬಂದಳು. ನಲವತ್ತು ವರ್ಷದಲ್ಲಿ ಅವಳು ಹಿರಿಯರೆದುರು ಪಡಸಾಲೆಯಲ್ಲಿ ಮಾತಾಡಿದ್ದನ್ನು ನಾನು ಕಂಡಿಲ್ಲ.

"ನೀವು ಗಿಡದ ಮೈಯವರು, ಇದನ್ನ ಕುಡೀರಿ," ಎಂದು ತಂಬಿಗೆ ಅಪ್ಪನ ಕೈಗಿಟ್ಟಳು. ನನ್ನಿಂದ ಪಟ್ಟಿ ತೆಗೆದುಕೊಂಡು ಒಂದು ಗುಳಿಗೆ ಅಲ್ಲೇ ನುಂಗಿದಳು. "ಶೈಲಾ, ನಾಳಿ ಇವರನ್ನ ಡಾಕ್ಟರ ಕಡಿ ಕರ್ಕೊಂಡು ಹೋಗು. ಇವರ ಹೆಸರಿಲೇ ಬ್ಯಾರೆ ಗುಳಿಗಿ ಬರಸು. ನಾ ಸತ್ತ ಮ್ಯಾಲ ಯಾರ ಗುಳಿಗಿ ಕದ್ದು ತಿಂದಾರು?"