ಗರಸುನೆಲದ ಹೂವು

ನಾತ ಎಲ್ಲಿಂದ, ಸತ್ತ ಇಲಿಯೇ, ಇಲ್ಲ, ಇಲಿಗಿಂತ ಸಣ್ಣ ನಾತ, ಗಾಳಿ ತಿರುಗಿದರೆ ಇಲ್ಲವೇ ಇಲ್ಲ, ಮತ್ತೆ ಬಂದರೆ ಮೂಗಿನ ತುದಿಯಲ್ಲೇ — ಅರ್ಜೂ ಮಂಡಿಯೂರುತ್ತಾಳೆ, ಹುತ್ರಿದುರ್ಗದ ಇಳಿಜಾರಿನ ಗರಸು ಮಂಡಿಗೆ ಚುಚ್ಚುತ್ತದೆ, ಅಲ್ಲಿದೆ, ಬೆರಳುದ್ದದ ಗಿಡ, ಮೂಗುಬೊಟ್ಟಿನಷ್ಟು ಕಂದುಗೆಂಪು ಹೂವು, ಒಳಗೊಂದು ಪುಟ್ಟ ನೊಣ. ಮೂರು ಬೇಸಿಗೆ ಹುಡುಕಿದ್ದಳು. ಕುಣಿಗಲ್‌ನಲ್ಲಿ ಅವಳು ಸಸ್ಯಶಾಸ್ತ್ರ ಪಾಠ ಹೇಳುವ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಗೆಳತಿ ವಾಣಿಶ್ರೀ ನಗುತ್ತಿದ್ದಳು, ನಾರೋ ಹೂವಿಗೆ ಇಷ್ಟು ಒದ್ದಾಡ್ತೀಯಲ್ಲೇ, ಮದುವೇಲೂ ಅದನ್ನೇ ಮುಡ್ಕೊಂಡ್‌ಬುಡು ಕಣೇ — ನಗಲಿ, ಹೂವು ಸಿಕ್ಕಿದೆ, ಸಿಕ್ಕಿರುವುದು ಮಾತ್ರ ಸುಣ್ಣದ ಗುರುತಿನ ಮೇಲೆ. ಸುಣ್ಣ ಹಾಕಿದಲ್ಲೆಲ್ಲ ಗುಂಡಿ. ಬೋಳು ಇಳಿಜಾರು ಹಸಿರಾಗಲಿ ಎಂದು ಊರಿನ ಸಂಘ ಸಸಿ ನೆಡುತ್ತಿದೆ, ಅವಳು ಬಂದದ್ದೂ ಅದಕ್ಕೇ, ಒಳ್ಳೆಯ ಕೆಲಸ, ಯಾರೂ ಕೆಟ್ಟವರಲ್ಲ, ಆದರೆ ಇದು ಮರದ ನೆರಳಿನಲ್ಲಿ ಬದುಕುವ ಗಿಡವಲ್ಲ, ಇದಕ್ಕೆ ಈ ಬೋಳೇ ಬೇಕು, ಈ ಬಿಸಿಲೇ ಬೇಕು — ಗುಂಡಿ ತೋಡುವ ಯಂತ್ರ ಮೂರನೇ ಸಾಲಿಗೆ ಬಂತು, ಇದು ಐದನೆಯದು.

ಗಂಗರಾಜು ಮೇಷ್ಟ್ರನ್ನು ಕರೆದಳು. ಸಂಘ ಅವರದೇ, ನಿವೃತ್ತ ಪಿ.ಟಿ. ಮೇಷ್ಟ್ರು, ಕೊರಳಲ್ಲಿ ಇನ್ನೂ ಸೀಟಿ, ಕಬಡ್ಡಿ ಅಂಕಣಕ್ಕೆ ಎಳೆದಂತೆ ದಾರ ಎಳೆದು ಸುಣ್ಣ ಹಾಕಿದವರು. ಬಗ್ಗಿ ನೋಡುತ್ತಾರೆ, ಮೂಗು ಮುಚ್ಚುತ್ತಾರೆ, ಇದೇನಮ್ಮ ಹಿಂಗೆ ನಾರ್ತದೆ. ಅಪರೂಪದ್ದು ಸಾರ್, ಸಾಲು ಆಚೆ ತಗೊಳ್ಳಿ. ಸಾಲು ಸೊಟ್ಟ ಆಯ್ತದಲ್ಲಮ್ಮ, ಇರೋದೇ ಒಂದು ಗಿಡ, ಕಿತ್ತು ಕುಂಡಕ್ಕೆ ಹಾಕ್ಕೊಂಡ್‌ಬುಡು. ಕುಂಡದಲ್ಲಿ ಇದರ ಗಡ್ಡೆ ಕೊಳೆಯುತ್ತದೆ, ಹೇಳಬೇಕು, ಇರೋದೇ ಒಂದು ಎಂಬ ಮಾತು ಅಡ್ಡ ಕೂತಿದೆ. ಇದರ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಇನ್ನೊಂದು ಗಿಡದ ಪರಾಗವನ್ನು ನೊಣ ತರಬೇಕು, ಆ ಇನ್ನೊಂದು ಇಲ್ಲದಿದ್ದರೆ ಇವತ್ತು ಉಳಿಸಿಯೂ ಏನು, ಕೊನೆಯದನ್ನು ಕಾವಲು ಕಾದಂತೆ ಅಷ್ಟೇ, ಅದಕ್ಕಾಗಿ ಈ ಬಿಸಿಲಿನಲ್ಲಿ ಬೆವರುತ್ತಿರುವ ಇಷ್ಟು ಜನರನ್ನು ನಿಲ್ಲಿಸಲೇ, ಯಂತ್ರ ನಾಲ್ಕನೇ ಸಾಲಿನಲ್ಲಿ, ನೆಲದ ನಡುಕ ಅಂಗೈಗೆ ತಾಗುತ್ತಿದೆ, ಬೆರಳು ಸುಮ್ಮನೆ ಎಲೆಯನ್ನು ಸರಿಸುತ್ತದೆ, ಎಲೆಯ ಕೆಳಗೆ — ಎರಡು. ಒಂದೇ ತೊಟ್ಟು, ಅತ್ತೊಂದು ಇತ್ತೊಂದು ಚಾಚಿದ ಹಸಿರು ಸೂಜಿ. ಕಾಯಿ. ಈ ವರ್ಷದ ಮೊದಲ ಮಳೆಗೆ ಕಟ್ಟಿದ ಎಳೆಯ ಕಾಯಿ.

“ಸಾರ್, ಇನ್ನೊಂದು ಇದೆ.”

ಎಲ್ಲಿ. ಗೊತ್ತಿಲ್ಲ ಸಾರ್, ನೊಣಕ್ಕೆ ಗೊತ್ತು, ನೊಣ ಹಾರುವಷ್ಟು ಹತ್ತಿರದಲ್ಲಿ, ಈ ಇಳಿಜಾರಿನಲ್ಲೇ, ಜೊತೆ ಇಲ್ಲದೆ ಇದು ಕಾಯಿ ಕಟ್ಟುವುದಿಲ್ಲ. ಮೇಷ್ಟ್ರು ತಮ್ಮ ನೆಟ್ಟಗಿನ ಸಾಲುಗಳನ್ನು ಉದ್ದಕ್ಕೂ ನೋಡುತ್ತಾರೆ, ಒಂದನ್ನೂ ಬಿಡದೆ, ನೋಡುತ್ತಲೇ ಇದ್ದಾರೆ.

“ಆಟ ಮುಗಿದಿಲ್ಲ ಅನ್ನು ಹಂಗಾದ್ರೆ.”

ಸೀಟಿ. ಯಂತ್ರ ನಿಂತಿತು, ಕಿವಿಯಲ್ಲಿ ಗಾಳಿ ಮಾತ್ರ, ಮೇಷ್ಟ್ರು ಹಾರೆ ಹಿಡಿದವರನ್ನೂ ಸಸಿ ಹಿಡಿದವರನ್ನೂ ಡ್ರಿಲ್‌ಗೆ ನಿಲ್ಲಿಸುವಂತೆ ಅಡ್ಡಕ್ಕೆ ನಿಲ್ಲಿಸುತ್ತಿದ್ದಾರೆ, ತೋಳಳತೆ ಬಿಡ್ರಿ, ನೆಲ ನೋಡ್ಕೊಂಡು ನಡೀರಿ, ತುಳಿದೋರಿಗೆ ತಿಂಡಿ ಇಲ್ಲ. ಸಾಲು ಮೇಲಕ್ಕೆ ಹೊರಟಿತು, ಎಲ್ಲರ ಬೆನ್ನೂ ಬಾಗಿದೆ, ಯಾರೋ ಮೂಗೆಳೆದು ವಾಸನೆ ನೋಡುತ್ತಿದ್ದಾರೆ, ಯಾರೋ ನಗುತ್ತಿದ್ದಾರೆ, ಸಿಗಬಹುದು, ಸಂಜೆಯೊಳಗೆ, ನಾಳೆ, ಇನ್ನೊಂದು ಮಳೆಗೆ, ಅವಳೂ ಹೋಗಬೇಕು, ಏಳುತ್ತಾಳೆ, ಈಗ ಏಳುತ್ತಾಳೆ, ಕಣ್ಣು ಮಾತ್ರ ಕಾಯಿ ಬಿಟ್ಟು ಬರುತ್ತಿಲ್ಲ, ಒಂದೇ ತೊಟ್ಟು, ಹಸಿರು, ಸೂಜಿಯಷ್ಟು ಸಪೂರ, ಎರಡು —