ಇಲ್ಲಿ ದೆವ್ವ ಬಿಡಿಸಲಾಗುತ್ತದೆ

ಮಕ್ಕಳ ಚಿತ್ರಕಥೆಯ ಪತ್ರಿಕೆ ನಿಂತುಹೋಗಿ ಬಹುಕಾಲವಾಗಿದ್ದರೂ ಅದರ ಚಿತ್ರಗಾರನ ಬಾಗಿಲಲ್ಲಿ ಹಳೆಯ ತಮಾಷೆಯ ಹಲಗೆ ಹಾಗೆಯೇ ತೂಗುತ್ತಿತ್ತು: ‘ಇಲ್ಲಿ ದೆವ್ವ ಬಿಡಿಸಲಾಗುತ್ತದೆ.’ ಅವನು ಜೀವಮಾನವೆಲ್ಲ ಬಿಡಿಸಿದ್ದು ಒಂದೇ ಡೊಳ್ಳುಹೊಟ್ಟೆಯ ದೆವ್ವವನ್ನು. ಪ್ರತಿ ಸಂಚಿಕೆಯಲ್ಲಿಯೂ ಅದರ ನೆತ್ತಿಗೆ ಬಾಣಲೆಯ ಏಟು, ಸುತ್ತಿಗೆಯ ಏಟು. ತಲೆಯ ಸುತ್ತ ನಕ್ಷತ್ರಗಳು. ಮರುಚೌಕದಲ್ಲಿ ದೆವ್ವ ಎದ್ದು ಕುಳಿತು ಹಲ್ಲು ಕಿರಿದು, “ಇನ್ನೊಂದು?” ಎನ್ನುತ್ತಿತ್ತು. ರಕ್ತವನ್ನು ಮಾತ್ರ ಅವನು ಎಂದೂ ಬರೆಯಲಿಲ್ಲ. ಪೆಟ್ಟು ತಿಂದವರಿಗೆ ನೋವಾಗದೆಂಬ ಸುಳ್ಳನ್ನು ಅಷ್ಟು ಅಂದವಾಗಿ ಮಕ್ಕಳ ಕೈಗಿಡುವುದು ತಪ್ಪೆಂದು ಯಾವ ಹಿರಿಯರಿಗೂ ಅನ್ನಿಸಲಿಲ್ಲ, ಅವರೂ ನಕ್ಕರು.

ಒಂದು ಮಧ್ಯಾಹ್ನ ಬೀಗ ರಿಪೇರಿಯವನು ತನ್ನ ಹೆಂಡತಿಯನ್ನು ಜಡೆ ಹಿಡಿದು ಒಳಗೆಳೆದು ತಂದ. ಅವಳ ತುಟಿ ಸೀಳಿತ್ತು. ಒಂದು ಕಣ್ಣು ಬಾತು ಮುಚ್ಚಿತ್ತು. ಮೇಜಿಗೆ ಬಾಗಿದ್ದ ಚಿತ್ರಗಾರ ತಲೆಯೆತ್ತಲಿಲ್ಲ.

“ದೆವ್ವ ಬಿಡಿಸೋದು ನೀವೇನಾ?”

“ನಾನೇ. ದೊಡ್ಡದಾ, ಚಿಕ್ಕದಾ?”

“ದೊಡ್ಡದೇ ಇರ್ಬೇಕು. ಎಷ್ಟು ಬಾರಿಸಿದ್ರೂ ಜಗ್ಗಲ್ಲ.”

“ಬಣ್ಣ ಹಾಕ್ಲಾ?”

“ಮೈಯೆಲ್ಲ ನೀಲಿ ಮಾಡಿ. ನನ್ನದೇನೂ ತಕರಾರಿಲ್ಲ.”

ಚಿತ್ರಗಾರ ಆಗ ತಲೆಯೆತ್ತಿದ. ಅವಳ ಮುಖ ಕಂಡು ಅವನ ಕೈಯ ಕುಂಚ ಜಾರಿತು.

ಗಂಡ ನಿಂತಲ್ಲೇ ದೂರು ಒಪ್ಪಿಸಿದ. ಅಂಗಿಯ ಗುಂಡಿ ಹೊಲಿದಿಲ್ಲವೆಂದು ನಾಲ್ಕು ಬಿಗಿದರೆ ಇವಳು ಬಾಯಲ್ಲಿ ರಕ್ತ ತುಂಬಿಕೊಂಡೇ ನಕ್ಕು, “ಇನ್ನೊಂದು?” ಎಂದಳಂತೆ. ಅಂದಿನಿಂದ ಪ್ರತಿ ಸಲವೂ ಅದೇ ಮಾತು. ಇದು ಹೆಂಗಸು ಆಡುವ ಮಾತಲ್ಲ, ಒಳಗೆ ಸೇರಿಕೊಂಡದ್ದು ಆಡಿಸುತ್ತಿದೆ ಎಂದು ಅವನು ತೀರ್ಮಾನಿಸಿದ್ದ.

“ದೆವ್ವ ಅಲ್ಲ,” ಎಂದಳು ಅವಳು. “ಇವರ ಪುಸ್ತಕ. ಅಪ್ಪ ಅಮ್ಮನ್ನ ಹೊಡೀವಾಗ ಮಂಚದ ಕೆಳಗೆ ಕೂತು ಅದನ್ನೇ ಓದ್ತಿದ್ದೆ.”

ಗಂಡ ಮೇಜಿನ ಮೇಲಿದ್ದ ಕಬ್ಬಿಣದ ಅಳತೆಪಟ್ಟಿಯನ್ನು ಎತ್ತಿಕೊಂಡು, ನೀವು ಹೊಡೆಯುತ್ತೀರೋ ನಾನೇ ಹೊಡೆಯಲೋ ಎಂದು ಕೇಳಿದ. ಚಿತ್ರಗಾರ ಇಬ್ಬರ ನಡುವೆ ಹೋಗಿ ನಿಂತ. ಮೊದಲ ಏಟು ಅವನ ಬಲಗೈಯ ಗೆಣ್ಣುಗಳನ್ನು ಪುಡಿಮಾಡಿತು. ಎರಡನೆಯದು ಕಿವಿಯನ್ನು ಹರಿದುಹಾಕಿತು. ನಕ್ಷತ್ರಗಳೇನೂ ಕಾಣಲಿಲ್ಲ; ಅವನು ಮಗುವಿನಂತೆ ಕೂಗಿ ಬಿದ್ದ, ಬಿಳಿಯ ಹಾಳೆಯ ಮೇಲೆ ರಕ್ತ ಹನಿಯಿತು.

ಮೂರನೆಯ ಏಟು ಅವಳಿಗಾಗಿ ಮೇಲೆದ್ದಿತು. ಅವಳು ನಗಲಿಲ್ಲ. ಶಾಯಿಯ ದಪ್ಪ ಗಾಜಿನ ಬುಡ್ಡಿಯನ್ನು ಎತ್ತಿ ಗಂಡನ ಮೂಗಿನ ಮೇಲೆ ಅಪ್ಪಳಿಸಿದಳು. ಎಲುಬು ಮುರಿದ ಸದ್ದು ಕೇಳಿಸಿತು. ಅವನು ಕುಸಿದ, ಕಪ್ಪು ಕೆಂಪಿನೊಡನೆ ಬೆರೆತು ಗದ್ದದಿಂದ ತೊಟ್ಟಿಕ್ಕಿತು. ಜಾರಿದ ಅಳತೆಪಟ್ಟಿ ಈಗ ಅವಳ ಕೈಯಲ್ಲಿತ್ತು.

“ಇನ್ನೊಂದು?” ಎಂದಳು, ತನ್ನದೇ ದನಿಯಲ್ಲಿ.

“ಬೇಡ ಕಣೇ... ಬಿಟ್ಟುಬಿಡು.”

ಪತ್ರಿಕೆಯ ಅಷ್ಟೂ ಸಂಚಿಕೆಗಳಲ್ಲಿ ಆ ದೆವ್ವ ಎಂದೂ ಹೇಳದಿದ್ದ ಮಾತು ಅದು. ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ನಂತರ ಅವಳು ಪಟ್ಟಿಯನ್ನು ಮೇಜಿನ ಮೇಲಿಟ್ಟು, ಚಿತ್ರಗಾರನ ಕೈಗೆ ತನ್ನ ಸೆರಗನ್ನು ಹರಿದು ಸುತ್ತಿ, ಅವನನ್ನು ಆಸ್ಪತ್ರೆಗೆಂದು ಎಬ್ಬಿಸಿ ನಿಲ್ಲಿಸಿದಳು.

“ಬಿಟ್ಟೆ,” ಎಂದಳು ಗಂಡನಿಗೆ, ಹೊಸ್ತಿಲು ದಾಟುತ್ತ.